ರೆಕಾರ್ಡು ನನ್ನದು, ಪ್ಲೇಯರ್ ಅವನದು

ಬೀರು ಮಾಡಿಸುವುದು ಅಂದರೆ ಬೇರೆಯವರ ಮನೆಯಲ್ಲಿ ಎರಡು ವಾರದ ಕೆಲಸ. ಮರ ಬರುತ್ತದೆ, ಆಚಾರಿ ಬರುತ್ತಾನೆ, ಬೀರು ನಿಲ್ಲುತ್ತದೆ, ಆಚಾರಿ ಹೋಗುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಯಾವುದೂ ಹಾಗೆ ನೆಟ್ಟಗೆ ನಡೆಯುವುದಿಲ್ಲ. ಬಚ್ಚಲುಮನೆಗೆ ಚಿಲಕ ಹಾಕಿಸಿದರೂ ನೆಂಟರು ಒಂದು ವರ್ಷ ಹೇಳಿಕೊಂಡು ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಅಂಥದ್ದರಲ್ಲಿ ನಾನೂರು ಗ್ರಾಮಫೋನ್ ರೆಕಾರ್ಡುಗಳಿಗೆ ಬೀರು ಮಾಡಿಸಲು ಹೊರಟವನು ನಾನು. ಅದೂ ಮನೆಯಲ್ಲಿ ಅವನ್ನು ಹಾಕಿ ಕೇಳುವುದಕ್ಕೆ ಒಂದು ಪ್ಲೇಯರ್ ಇಲ್ಲದೆ.

ಸಮಪಾಲು

ನಮ್ಮೂರು ಕೊಡಗಿನ ಅಂಚಿನ ಶಿರಂಗಾಲ. ತಾತ ಹಾಸನದ ಕಡೆಯಿಂದ ಬಂದು ಹೊಳೆ ಪಕ್ಕ ಬೇಸಾಯಕ್ಕೆ ನಿಂತವರು. ನಾನೂ ಈಗ ಶುಂಠಿ, ಜೋಳ ಅಂತ ಬೆಳೆಯುತ್ತಾ ಇದ್ದೇನೆ. ಆದರೆ ಪ್ರಾಯದಲ್ಲಿ ನಾನು ಮೈಕ್ ಸೆಟ್ಟಿನವನು. ಕುಶಾಲನಗರದಲ್ಲಿ ಬಾಡಿಗೆ ಮಳಿಗೆ ಹಿಡಿದಿದ್ದೆವು. ಕಕ್ಕಬೆಯಿಂದ ಶಿರಂಗಾಲದವರೆಗೆ ಎಲ್ಲಿ ಮದುವೆಯಾದರೂ ಮರಕ್ಕೆ ಹಾರ್ನ್ ಕಟ್ಟಿ ರೆಕಾರ್ಡು ಹಾಕುವವರು ನಾವೇ.

ನಾವು ಅಂದರೆ ನಾನು ಮತ್ತು ನನ್ನ ಪಾಲುದಾರ. ಅವನ ಮನೆಮಾತು ಮಲಯಾಳಂ. ನನ್ನ ಜೊತೆ ಕನ್ನಡ, ಎಸ್ಟೇಟ್ ಲೈನಿನ ಕೂಲಿಯವರ ಜೊತೆ ತಮಿಳು, ಆಂಪ್ಲಿಫೈಯರ್ ಕೆಟ್ಟರೆ ಮಾತ್ರ ಗೊತ್ತಿದ್ದ ಅಷ್ಟೂ ಭಾಷೆಯಲ್ಲಿ ಬೈಯುತ್ತಿದ್ದ. ಯಾವ ಹೊತ್ತಿಗೆ ಯಾವ ರೆಕಾರ್ಡು ಹಾಕಬೇಕು ಅನ್ನುವುದು ನನ್ನ ಕೆಲಸ. ಹಾಕಿದ್ದು ನಾಲ್ಕು ಊರಿಗೆ ಕೇಳಿಸುವಂತೆ ಮಾಡುವುದು ಅವನ ಕೆಲಸ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಒಪ್ಪಿಕೊಂಡ ಮದುವೆಗೂ ಹೋಗುತ್ತಿರಲಿಲ್ಲ.

ಒಂದು ದಿನ ಅವನು ಮೈಸೂರಿಗೆ ಹೋದವನು ನನ್ನನ್ನು ಒಂದು ಮಾತೂ ಕೇಳದೆ ಕ್ಯಾಸೆಟ್ ಹಾಕುವ ಡೆಕ್ ತಂದ.

"ಇನ್ನು ರೆಕಾರ್ಡ್ ಯಾರಿಗೂ ಬೇಡ ಮಾರಾಯ," ಅಂದ. "ಇದು ನೋಡು, ಜೇಬಲ್ಲಿ ಹೋಗ್ತದೆ."

"ಜೇಬಲ್ಲಿ ಹೋಗೋದು ಬೀಡಿ ಕಣೋ, ಹಾಡಲ್ಲ," ಅಂದೆ.

ಅಲ್ಲಿಂದ ಶುರುವಾದದ್ದು ಮೂರು ದಿನ ನಡೆಯಿತು. ನಾನು ಅವನಿಗೆ ಹಾಡಿನ ಬೆಲೆ ಗೊತ್ತಿಲ್ಲ ಅಂದೆ. ಅವನು ನನಗೆ ಕಾಲ ಗೊತ್ತಿಲ್ಲ ಅಂದ. ಕೊನೆಗೆ ಮಳಿಗೆಯ ಮಾಲೀಕರು, ಹಿರಿಯರು, ಮಧ್ಯ ಬಂದು ಸಾಮಾನನ್ನೆಲ್ಲ ಹೊರಗೆ ಹಾಕಿಸಿ ಎರಡು ಗುಡ್ಡೆ ಮಾಡಿದರು. ರೆಕಾರ್ಡು, ಹಾರ್ನು ಒಂದು ಗುಡ್ಡೆ. ಪ್ಲೇಯರ್, ಆಂಪ್ಲಿಫೈಯರ್ ಇನ್ನೊಂದು. "ಎರಡೂ ಒಂದೇ ಎತ್ತರ ಇದೆ. ಯಾರಿಗೂ ಮೋಸ ಇಲ್ಲ," ಅಂದರು. ನಾವಿಬ್ಬರೂ ಬಿಗುಮಾನದಲ್ಲಿ ತಲೆ ಆಡಿಸಿದೆವು.

ಜೀಪಿನಲ್ಲಿ ನನ್ನ ಪಾಲು ಮನೆಗೆ ಬಂತು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿ ಕೇಳಿದಳು: "ಸರಿ, ಇವನ್ನೆಲ್ಲ ಯಾವುದರಲ್ಲಿ ಹಾಕ್ತೀರಿ?"

ಮೂರು ದಿನದ ಜಗಳದಲ್ಲಿ, ಮಾಲೀಕರೂ ಸೇರಿ ಮೂರು ಜನ ಗಂಡಸರಿಗೆ, ಆ ಒಂದು ಪ್ರಶ್ನೆ ಹೊಳೆದಿರಲಿಲ್ಲ.

ಹೊಳೆ ಬಂದಾಗ

ಅವನು ಹೆಂಡತಿಯ ಊರು ತಿತಿಮತಿಗೆ ಹೋಗಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದ. ನಾನು ಜಮೀನಿಗೆ ಇಳಿದೆ. ಮೂವತ್ತು ವರ್ಷದ ಮೇಲಾಯಿತು. ರೆಕಾರ್ಡುಗಳು ನಮ್ಮ ಮಂಚದ ಕೆಳಗೆ ಸೇರಿದವು.

ಕೇಳಲಾಗದ ರೆಕಾರ್ಡನ್ನು ಏನು ಮಾಡುತ್ತಿದ್ದೆ ಅಂತ ಕೇಳುತ್ತೀರಿ. ನೋಡುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಜೋರಾಗಿ ಹಾಡಿರುವ ಕಡೆ ಒಂದು ಬಣ್ಣ, ಮೆಲ್ಲಗೆ ಹಾಡಿರುವ ಕಡೆ ಇನ್ನೊಂದು. ಇಲ್ಲಿ ಕೊಳಲು, ಇಲ್ಲಿ ಅವಳು ಉಸಿರು ಎಳೆದುಕೊಳ್ಳುತ್ತಾಳೆ, ಇಲ್ಲಿ ತಬಲ ಅಂತ ಬೆರಳು ಮುಟ್ಟಿಸದೆ ಸುತ್ತು ಹೋಗುತ್ತಿದ್ದೆ. ಮಗಳು ಮದುವೆಯಾಗಿ ಮೈಸೂರಲ್ಲಿದ್ದಾಳೆ. "ಈಗ ಹೊಸ ಪ್ಲೇಯರ್ ಸಿಗ್ತವೆ ಅಪ್ಪ, ತಂದುಕೊಡ್ತೀನಿ," ಅಂದಳು. ಬೇಡ ಅಂದೆ. ಹೊಸದು ತಂದುಬಿಟ್ಟರೆ ಆ ಹಳೆಯದು ನನಗೆ ಬೇಕಾಗಿಲ್ಲ ಅಂತ ಆಗುತ್ತದೆ. ಆಮೇಲೆ ತಿತಿಮತಿಗೂ ನನಗೂ ಏನು ಉಳಿಯಿತು?

ಹೋದ ವರ್ಷ ಆಷಾಢದಲ್ಲಿ ಹೊಳೆ ತುಂಬಿ ನೀರು ನಮ್ಮ ಜಗಲಿ ಮೆಟ್ಟಿಲಿಗೆ ಬಂತು. ನಾನು ಓಡಿಹೋಗಿ ರೆಕಾರ್ಡುಗಳನ್ನೆಲ್ಲ ತೆಗೆದು ತೆಗೆದು ಮಂಚದ ಮೇಲೆ ಜೋಡಿಸಿದೆ. ಮಂಚ ತುಂಬಿತು. ಹೆಂಡತಿ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸಿ ಬಂದು ನೋಡಿದಳು.

"ನೀರು ಒಳಗೆ ಬಂದ್ರೆ ನಾನೆಲ್ಲಿ ಹತ್ತಲಿ?" ಅಂದಳು.

ನಾನು ಗಾಬರಿಯಲ್ಲಿದ್ದೆ. "ಸ್ವಲ್ಪ ಹೊತ್ತು ಏಣಿ ಹಿಡ್ಕೊಂಡು ನಿಂತಿರು," ಅಂದುಬಿಟ್ಟೆ.

ನೀರು ಎರಡನೇ ಮೆಟ್ಟಿಲಿಗೇ ನಿಂತು ಸಂಜೆಯೊಳಗೆ ಇಳಿಯಿತು. ಆದರೆ ಆ ಮಾತು ಇಳಿಯಲಿಲ್ಲ. ಮಗಳಿಗೆ ಹೋಯಿತು, ಬೀಗರಿಗೆ ಹೋಯಿತು, ಸೊಸೈಟಿಯಲ್ಲಿ ಅಕ್ಕಿ ತೂಗುವವರೂ ಕೇಳಿದರು. ವಾರದ ನಂತರ ಹೆಂಡತಿ ತೀರ್ಪು ಕೊಟ್ಟಳು.

"ಒಂದೋ ಅವಕ್ಕೆ ಎತ್ತರದಲ್ಲಿ ಒಂದು ಬೀರು ಮಾಡಿಸಿ. ಇಲ್ಲದಿದ್ರೆ ನನಗೊಂದು ಗಟ್ಟಿ ಏಣಿ ಮಾಡಿಸಿ."

ಮೂರನೇ ಅಂತಸ್ತು

ಆಚಾರಿ ಕುಶಾಲನಗರದವನು, ನಲವತ್ತರ ಆಸುಪಾಸು, ಕೈಕೆಲಸ ಚೊಕ್ಕಟ. ನಾನು ಫೋನಿನಲ್ಲಿ ಹೇಳಿದ್ದು ಇಷ್ಟೆ: "ಪ್ಲೇಟ್ ಇಡೋಕೆ ಒಂದು ಬೀರು ಬೇಕು. ನಾನೂರು ಪ್ಲೇಟ್ ಇದಾವೆ." ನಮ್ಮ ಕಾಲದವರಿಗೆ ರೆಕಾರ್ಡ್ ಅಂದರೂ ಒಂದೇ, ಪ್ಲೇಟ್ ಅಂದರೂ ಒಂದೇ.

ಅವನು ಕಾಗದದಲ್ಲಿ ಚಿತ್ರ ಬರೆದುಕೊಂಡೇ ಬಂದ. ಕೆಳಗೆ ನೀರು ಸೋರಿ ಹೋಗಲು ತೂತು, ಪಕ್ಕದಲ್ಲಿ ಲೋಟಕ್ಕೆ ಗೂಟ, ಸೌಟಿಗೆ ಕೊಕ್ಕೆ.

"ಅಣ್ಣ, ಅಡುಗೆ ಕಾಂಟ್ರಾಕ್ಟ್ ಯಾವಾಗ ಶುರು ಮಾಡಿದ್ರಿ?" ಅಂದ.

ಮಂಚದ ಕೆಳಗಿಂದ ಒಂದನ್ನು ತೆಗೆದು ತೋರಿಸಿದೆ. ತಿರುಗಿಸಿ ನೋಡಿದ. "ಓ, ಇದಾ! ಇವನ್ನ ಸೀರೆ ಥರ ಒಂದರ ಮೇಲೊಂದು ಮಲಗಿಸಿ ಇಟ್ಟರಾಯ್ತು," ಅಂದ.

"ಮಲಗಿಸಿದ್ರೆ ಬಾಗ್ತವೆ ಆಚಾರ್ರೆ. ನಿಲ್ಲಿಸಿಯೇ ಇಡಬೇಕು, ಪುಸ್ತಕದ ಥರ. ವಾಲಬಾರದು. ಬಿಸಿಲು ಬೀಳಬಾರದು." ಮಲಗಿಸಿಟ್ಟು ಹಾಳಾದ ಒಂದನ್ನು ತೋರಿಸಿದೆ. ಸುತ್ತಲೂ ಅಂಚು ಎದ್ದಿತ್ತು.

ಅವನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, "ಇದು ನನ್ನ ಚಿತ್ರಕ್ಕೇ ಸರಿ ಹೋಯ್ತದೆ ಅಣ್ಣ, ಸಾರು ನಿಲ್ತದೆ," ಅಂದ.

ನೆಂಟರ ತೋಟದ ಬೇಲಿಯಲ್ಲಿದ್ದ ಸಿಲ್ವರ್ ಓಕ್ ಕೊಯ್ಸಿಟ್ಟದ್ದು ಇತ್ತು. ಚೆನ್ನಾಗಿ ಒಣಗಿದ ಮರ. ಆದರೆ ರೆಕಾರ್ಡಿನ ಭಾರ ಅಂದರೆ ಸಾಮಾನ್ಯವಲ್ಲ. ಒಂದು ಉದ್ದ ಹಲಗೆಯ ತುಂಬ ನಿಲ್ಲಿಸಿದರೆ ಒಬ್ಬ ಆಳಿನಷ್ಟು ತೂಕ. ಉದ್ದಕ್ಕೆ ಹಲಗೆ ಕೊಟ್ಟರೆ ಮಧ್ಯೆ ಬಾಗುತ್ತದೆ, ಒಂದೊಂದು ಅಡಿಗೆ ಅಡ್ಡ ಹಲಗೆ ಕೊಡಿ ಅಂತ ಹೇಳಿದೆ. ಆಚಾರಿಗೆ ನನ್ನ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಅಡ್ಡ ಹಲಗೆ ಕೊಟ್ಟದ್ದೇನೋ ಕೊಟ್ಟ, ಆದರೆ ಒಂದು ಕಡೆ ಮಾತ್ರ ಅಗಲವಾಗಿ, ಎತ್ತರವಾಗಿ ಬಿಟ್ಟು, "ಆಳಿನಷ್ಟು ತೂಕ ಅಂದ್ರಲ್ಲ, ನಾನೇ ಕೂತು ತೋರಿಸ್ತೀನಿ," ಅಂದ.

ಮೊದಲನೇ ಅಂತಸ್ತಿನಲ್ಲಿ ಕೂತ. ಏನೂ ಆಗಲಿಲ್ಲ. ಎರಡನೇದರಲ್ಲಿ ಕೂತ. ಮೂರನೇದು ಎದೆ ಎತ್ತರ. ಸ್ಟೂಲ್ ಹಾಕಿ ಹತ್ತಿ, ಮೈ ಮಡಚಿ ಒಳಗೆ ತೂರಿ, ಚಕ್ಕಳಮಕ್ಕಳ ಹಾಕಿ, ತಲೆ ತಗ್ಗಿಸಿ, ತೊಡೆಯ ಮೇಲೆ ಕೈ ಇಟ್ಟುಕೊಂಡು ಅಲ್ಲಾಡದೆ ಕೂತ. ನಾನೂ ನನ್ನ ಹೆಂಡತಿಯೂ ಎದುರಿಗೆ ನಿಂತು ಹಲಗೆ ಬಾಗುತ್ತದಾ ಅಂತ ಕಣ್ಣಿಟ್ಟು ನೋಡುತ್ತಿದ್ದೆವು.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಹಾಲಿಗೆ ಹೆಪ್ಪು ಕೇಳಲು ಒಳಗೆ ಬಂದರು. ಬೀರುವನ್ನು ನೋಡಿದರು, ಅದರಲ್ಲಿ ಕೂತವನನ್ನು ನೋಡಿದರು, ಎದುರಿಗೆ ನಿಂತ ನಮ್ಮನ್ನು ನೋಡಿದರು. ಲೋಟವನ್ನು ಕೆಳಗಿಟ್ಟು ಕೈ ಮುಗಿದು ಮೆಲ್ಲಗೆ ಕೇಳಿದರು:

"ಮಂಗಳಾರತಿ ಆಯ್ತಾ?"

ಹೆಣ್ಣು ಒಪ್ಪಿಸುವ ಖಾನೆ

ಆಚಾರಿ ಇಳಿದ ಮೇಲೆ ಪೆನ್ಸಿಲ್ ಹಿಡಿದು ಕೇಳಿದ: "ಯಾವ್ಯಾವುದಕ್ಕೆ ಎಷ್ಟು ಖಾನೆ ಬೇಕು ಹೇಳಿ."

ಬೇರೆಯವರು ರೆಕಾರ್ಡನ್ನು ಹಾಡಿದವರ ಹೆಸರಿನ ಮೇಲೆ ಜೋಡಿಸಬಹುದು. ಮೈಕ್ ಸೆಟ್ಟಿನವರ ಲೆಕ್ಕ ಬೇರೆ. ನಾನು ಹೇಳುತ್ತಾ ಹೋದೆ: "ದೇವರದು ಒಂದು. ಧಾರೆ ಒಂದು. ಊಟಕ್ಕೆ ಎರಡು. ವರನ ಕಡೆಯವರು ಬರೋದು ತಡವಾದಾಗ ಎರಡು. ಕರೆಂಟು ಹೋಗಿ ಬಂದ ಮೇಲೆ ಒಂದು. ಮಾವಂದಿರ ಮಧ್ಯೆ ಮಾತು ಬೆಳೆದಾಗ ಜೋರಾಗಿ ಹಾಕೋದು ಒಂದು. ಹೆಣ್ಣು ಒಪ್ಪಿಸೋದು ಒಂದು, ಅದು ಎಲ್ಲಕ್ಕಿಂತ ಮೇಲೆ ಇರಲಿ, ಸುಲಭಕ್ಕೆ ಕೈಗೆ ಸಿಗಬಾರದು."

ಆಚಾರಿ ಬರೆಯುವುದನ್ನು ನಿಲ್ಲಿಸಿದ. "ಅದೇನು ಅಂಥದ್ದು?"

ಅದಕ್ಕೆ ನನ್ನ ಹೆಂಡತಿ ಉತ್ತರ ಕೊಟ್ಟಳು. ನಮ್ಮ ಮದುವೆಯ ಕಥೆ.

ನಾನು ಮದುಮಗ ಆದ್ದರಿಂದ ಅವತ್ತು ರೆಕಾರ್ಡು ಹಾಕುವುದೂ ಪಾಲುದಾರನ ಕೆಲಸವೇ ಆಗಿತ್ತು. ನನ್ನ ಮದುವೆ ಅಂತ ಅವನಿಗೆ ಭಾರೀ ಹುರುಪು. ಹೆಣ್ಣು ಒಪ್ಪಿಸುವ ಹೊತ್ತಿಗೆ ಒಂದು ಹಾಡು ಇತ್ತು. ಅದನ್ನು ಒಂದು ಸಲ ಹಾಕಿದರೆ ತಾಯಂದಿರು ಅಳುತ್ತಿದ್ದರು. ಅಲ್ಲಿಗೆ ನಿಲ್ಲಿಸಬೇಕು. ಇವನು ಮೂರು ಸಲ ಹಾಕಿದ. ಎರಡನೇ ಸಲಕ್ಕೆ ಅಡುಗೆಯವರು ಅತ್ತರು. ಮೂರನೇ ಸಲಕ್ಕೆ ಚಪ್ಪರದಲ್ಲಿ ಯಾರಿಗೂ ಕಣ್ಣು ಕಾಣುತ್ತಿರಲಿಲ್ಲ. ಜೀಪು ಸ್ಟಾರ್ಟ್ ಆಗಿತ್ತು. ನನ್ನ ಮಾವ ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಾ ಮಗಳನ್ನು ಹತ್ತಿಸಲು ಬಂದವರು ತಾವೇ ಹತ್ತಿ ನನ್ನ ಪಕ್ಕ ಕೂತರು. ನಾನೂ ತಲೆ ತಗ್ಗಿಸಿ ಅಳುತ್ತಿದ್ದೆ. ಪಕ್ಕದಲ್ಲಿ ಯಾರೋ ಅಳುತ್ತಿದ್ದಾರೆ, ಹೆಂಡತಿಯೇ ಇರಬೇಕು ಅಂದುಕೊಂಡು ಮೆಲ್ಲಗೆ ಕೈ ಹಿಡಿದುಕೊಂಡೆ. ಕೈ ಸ್ವಲ್ಪ ಒರಟು ಅನ್ನಿಸಿತು. ತೋಟದ ಕೆಲಸ ಮಾಡಿದ ಹುಡುಗಿ, ಇರಬಹುದು ಅಂದುಕೊಂಡೆ.

ಎರಡು ಮೈಲಿ ಹೋದ ಮೇಲೆ ಡ್ರೈವರ್ ಹಿಂದೆ ತಿರುಗಿ, "ಮದುಮಗಳು ಯಾವುದರಲ್ಲಿ ಬರ್ತಾರೆ?" ಅಂತ ಕೇಳಿದ.

ಹೆಂಡತಿ ಇದನ್ನು ಹೇಳುವಾಗ ಆಚಾರಿ ಮರದ ಹೊಟ್ಟಿನಲ್ಲಿ ಬಿದ್ದು ನಗುತ್ತಿದ್ದ. ನಾನೂ ನಕ್ಕೆ. ನಗುತ್ತಾ ನಗುತ್ತಾ, ಆವತ್ತು ಜೀಪು ವಾಪಸು ಬಂದಾಗ ಪಾಲುದಾರ ಹಾರ್ನ್ ಪೆಟ್ಟಿಗೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದದ್ದು ಕಣ್ಣಿಗೆ ಕಟ್ಟಿತು. ಆಮೇಲೆ ನಗು ಮುಂದುವರಿಯಲಿಲ್ಲ.

ಹೆಂಡತಿ ನನ್ನ ಮುಖ ನೋಡಿದಳು. "ಆದ್ರೂ ಆಚಾರ್ರೆ," ಅಂತ ಮಾತು ಮುಗಿಸಿದಳು, "ನಮ್ಮಪ್ಪನ್ನ ಎರಡು ಮೈಲಿ ನೋಡ್ಕೊಂಡಷ್ಟು ಪ್ರೀತಿಯಿಂದ ಇವರು ನನ್ನನ್ನ ಯಾವತ್ತೂ ನೋಡ್ಕೊಂಡಿಲ್ಲ."

ಅಳತೆ

ಬೀರುವಿನ ಚಿತ್ರದಲ್ಲಿ ನಡುಮಧ್ಯೆ ಒಂದು ದೊಡ್ಡ ಖಾನೆ ಖಾಲಿ ಬಿಡಿಸಿದ್ದೆ. ಯಾತಕ್ಕೆ ಅಂತ ಆಚಾರಿ ಕೇಳಿದ. ಪ್ಲೇಯರ್ ಇಡೋಕೆ ಅಂದೆ.

"ಪ್ಲೇಯರ್ ಎಲ್ಲಿ?"

"ಇಲ್ಲಿಲ್ಲ."

"ಇಲ್ಲದಿದ್ರೆ ಬಿಡಿ, ಉದ್ದ ಹೇಳಿ. ಅಳತೆ ಇಲ್ಲದೆ ಆ ಖಾನೆಗೆ ನಾನು ಗರಗಸ ಇಡಲ್ಲ ಅಣ್ಣ."

ಅಳತೆ ಗೊತ್ತಿದ್ದದ್ದು ಒಬ್ಬನಿಗೆ. ಎರಡು ದಿನ ಜಮೀನು, ಮನೆ ಅಂತ ಸುತ್ತಾಡಿದೆ. ಆಚಾರಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿದ. ಮೂರನೇ ದಿನ ಹೆಂಡತಿಗೆ, "ಅವನ ನಂಬರು ಯಾರ ಹತ್ರ ಸಿಗಬಹುದು?" ಅಂತ ಕೇಳಿದೆ.

"ನನ್ನ ಫೋನಲ್ಲಿದೆ," ಅಂದಳು.

"ನಿನ್ನ ಫೋನಲ್ಲಾ? ಯಾವತ್ತಿಂದ?"

"ಫೋನ್ ತಗೊಂಡಾಗಿಂದ. ಅವರ ಮನೆಯವರೂ ನಾನೂ ವಾರಕ್ಕೊಂದು ಸಲ ಮಾತಾಡ್ತೀವಲ್ಲ. ಜಗಳ ಆಡಿದ್ದು ನೀವು ತಾನೆ?"

ಫೋನ್ ಒತ್ತಿ ಕೈಗೆ ಕೊಟ್ಟಳು. ಆ ಕಡೆ ಅವನೇ ಎತ್ತಿಕೊಂಡ.

"ಹಲೋ."

ಸ್ವರ ಸ್ವಲ್ಪ ಒಡೆದಿತ್ತು. ಆದರೂ ಅದೇ. ಮರದ ಮೇಲಿಂದ "ಹಲೋ ಹಲೋ" ಅಂತ ನೂರಾರು ಚಪ್ಪರಗಳಲ್ಲಿ ಕೇಳಿದ್ದ ಸ್ವರ.

"ನಾನು," ಅಂದೆ.

ಆ ಕಡೆ ದೂರದಲ್ಲಿ ಕೋಳಿ ಕೂಗಿದ್ದು ಕೇಳಿತು. ಹೇಗಿದ್ದೀಯಾ ಅಂತ ಕೇಳಬೇಕು ಅಂದುಕೊಂಡವನು ಕೇಳಿದ್ದು:

"ಉದ್ದ ಎಷ್ಟು?"

"ಹದಿನಾರೂವರೆ ಇಂಚು," ಅಂದ. ಯಾವುದರದ್ದು ಅಂತ ಕೇಳಲಿಲ್ಲ.

"ಸರಿ," ಅಂತ ಫೋನ್ ಇಟ್ಟುಬಿಟ್ಟೆ.

ಆಚಾರಿ ಬರೆದುಕೊಂಡು, "ಅಗಲ?" ಅಂದ.

ಮಾರನೇ ದಿನ ಮತ್ತೆ ಫೋನ್.

"ಅಗಲ?"

"ಹದಿಮೂರು." ಸ್ವಲ್ಪ ಬಿಟ್ಟು, "ಯಾವ ಮರ?"

"ಸಿಲ್ವರ್ ಓಕ್."

"ಬಾಗ್ತದೆ ಅದು."

"ಒಂದೊಂದು ಅಡಿಗೆ ಅಡ್ಡ ಹಲಗೆ ಕೊಟ್ಟಿದೀವಿ."

"ಹಾಗಾದ್ರೆ ಸರಿ." ಈ ಸಲ ಅವನು ಇಟ್ಟ.

ಅದರ ಮಾರನೇ ದಿನ ಆಚಾರಿಗೆ ಎತ್ತರ ಬೇಕಾಯಿತು. ಆ ಪ್ಲೇಯರಿನ ಮುಚ್ಚಳದಲ್ಲೇ ಒಂದು ಸಣ್ಣ ಸ್ಪೀಕರ್ ಇದೆ. ಮುಚ್ಚಳ ಮುಚ್ಚಿದಾಗ ಎಷ್ಟು ಅಂತ ಕೇಳಿದೆ. "ತಡಿ, ಕಂಬಳಿ ಬಿಚ್ಚಿ ನೋಡ್ತೇನೆ," ಅಂದ. ಮೂವತ್ತು ವರ್ಷ ಕಂಬಳಿ ಸುತ್ತಿ ತನ್ನ ಮನೆಯ ಬೀರುವಿನ ಮೇಲೆ ಇಟ್ಟಿದ್ದನಂತೆ. ಬಿಚ್ಚುತ್ತಾ ಬಿಚ್ಚುತ್ತಾ ಮಾತಿಗೆ ಬಂದ. ಅವನ ಕಣ್ಣಿನ ಆಪರೇಷನ್, ನನ್ನ ಶುಂಠಿಗೆ ಬಂದ ಕೊಳೆ ರೋಗ, ತಿತಿಮತಿಯಲ್ಲಿ ಆನೆಗಳು ಗೇಟಿನ ತನಕ ಬಂದು ಹಲಸಿನ ಹಣ್ಣು ತಿಂದು ಹೋಗುವುದು, ಅವನ ಮಂಡಿ, ನನ್ನ ಮಂಡಿ. ನಲವತ್ತು ನಿಮಿಷ ಆಯಿತು. ಜಗಳದ ಮಾತು ಇಬ್ಬರೂ ಎತ್ತಲಿಲ್ಲ. ಕೊನೆಗೆ ಅವನು, "ಖಾನೆ ಮಾಡಿಸಿ ಅದರಲ್ಲಿ ಏನು ಇಡ್ತೀಯಾ?" ಅಂದ.

ನೀನು ತಂದು ಇಡು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. "ನೋಡೋಣ," ಅಂದೆ.

"ಇಲ್ಲಿ ಕಾಫಿ ಪಿಕ್ಕಿಂಗ್ ಶುರುವಾಗ್ತದೆ," ಅಂದ ಅವನು. "ಮುಗೀಲಿ."

ಮುಗಿದ ಮೇಲೆ ಏನು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ಎತ್ತರ ಬರೆದುಕೊಂಡಿಲ್ಲ ಅಂತ ಗೊತ್ತಾಯಿತು.

ನಾಲ್ಕನೇ ದಿನವೂ ಫೋನ್ ಮಾಡಿದ ಮೇಲೆ ಆಚಾರಿಯ ಮೇಲೆ ರೇಗಿದೆ. "ಉದ್ದ, ಅಗಲ, ಎತ್ತರ ಅಂತ ಮೊದಲನೇ ದಿನವೇ ಒಟ್ಟಿಗೆ ಕೇಳೋಕೆ ಏನಾಗಿತ್ತು ನಿಮಗೆ? ಎಷ್ಟು ವರ್ಷದಿಂದ ಕೆಲಸ ಮಾಡ್ತಿದೀರಿ?"

ಅವನು ಉಳಿ ಒರೆಸುತ್ತಾ ಅಡುಗೆಮನೆ ಕಡೆ ನೋಡಿದ.

"ಇಪ್ಪತ್ತು ವರ್ಷ ಅಣ್ಣ. ದಿನಕ್ಕೊಂದೇ ಅಳತೆ ಕೇಳಿ ಅಂತ ಅಕ್ಕ ಹೇಳಿದ್ರು. ಇನ್ನೂ ವೈರಿನ ಉದ್ದ, ಸ್ವಿಚ್ ಯಾವ ಕಡೆ, ಕಾಲಿನ ಎತ್ತರ ಅಂತ ಮೂರು ದಿನದ್ದು ಬಾಕಿ ಇದೆ."

ಖಾಲಿ ಖಾನೆ

ಬೀರು ಹುತ್ತರಿ ಹಬ್ಬದ ಹೊತ್ತಿಗೆ ಮುಗಿಯಿತು. ಗೋಡೆ ತುಂಬ ನಿಂತಿತು. ಖಾನೆಗಳಿಗೆ ನನ್ನ ಕೈಬರಹದಲ್ಲಿ ಚೀಟಿ ಅಂಟಿಸಿ ರೆಕಾರ್ಡುಗಳನ್ನು ನಿಲ್ಲಿಸಿದೆ. ನಡುವೆ ಆ ಖಾಲಿ ಖಾನೆ. ಹದಿನಾರೂವರೆ, ಹದಿಮೂರು, ಕೈ ಆಡಿಸಲು ಸುತ್ತಲೂ ಒಂದೊಂದು ಬೆರಳು ಜಾಗ.

ಹೆಂಡತಿ ಮೊದಲು ಅಲ್ಲಿ ಮಿಕ್ಸಿ ಇಟ್ಟಳು. ತೆಗೆಸಿದೆ. ಮಗಳು ಬಂದಾಗ ಹೂದಾನಿ ಇಟ್ಟಳು. ತೆಗೆಸಿದೆ. ಆಮೇಲೆ ಬೆಕ್ಕು ಮಲಗಲು ಶುರು ಮಾಡಿತು. ಅದನ್ನು ತೆಗೆಸಲು ಮನಸ್ಸಾಗಲಿಲ್ಲ. ಬರಿದಾಗಿ ನೋಡುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಪಿಕ್ಕಿಂಗ್ ನಡೆಯುತ್ತಾ ಇತ್ತು. ಅವನ ಫೋನೂ ಇಲ್ಲ, ನನ್ನದೂ ಇಲ್ಲ. ಆಚಾರಿ ಹೋದ ಮೇಲೆ ಕೇಳುವುದಕ್ಕೆ ಅಳತೆಯೂ ಉಳಿದಿರಲಿಲ್ಲ. ಒಂದೆರಡು ಸಲ ಫೋನ್ ಕೈಗೆ ತೆಗೆದುಕೊಂಡು, ಏನು ಅಂತ ಕೇಳಲಿ ಅಂತ ಯೋಚಿಸಿ, ಏನೂ ಹೊಳೆಯದೆ ಇಟ್ಟೆ. ಇಡೀ ಜಿಲ್ಲೆಯಲ್ಲಿ ಕಾಫಿ ಹಣ್ಣು ಬೇಗ ಮುಗಿಯಲಿ ಅಂತ ಹಾರೈಸಿದ ಶುಂಠಿ ಬೆಳೆಗಾರ ನಾನೊಬ್ಬನೇ ಇರಬೇಕು.

ಆ ದಿನಗಳಲ್ಲಿ ಮಗಳ ಮಾವ ಬಂದಿದ್ದರು. ಕೂತು ಕಾಫಿ ಕುಡಿಯುತ್ತಾ ಬೀರು ನೋಡಿ, "ಟೀವಿ ರಿಪೇರಿಗೆ ಕೊಟ್ಟಿದ್ದೀರಾ?" ಅಂದರು. ಎಲ್ಲರಿಗೂ ಮೊದಲಿಂದ ಹೇಳಿ ಹೇಳಿ ಸಾಕಾಗಿತ್ತು.

"ಹೌದು," ಅಂದೆ.

"ಯಾವಾಗ ಕೊಟ್ಟಿದ್ದು?"

"ಮೂವತ್ತು ವರ್ಷ ದಾಟಿತು."

ಅವರು ಲೋಟ ಕೆಳಗಿಟ್ಟು, ತುಂಬ ಗಂಭೀರವಾಗಿ, "ಬೇರೆ ಅಂಗಡಿ ನೋಡಿ ಬೀಗರೇ," ಅಂದರು.

ಯಾವ ಟೀಮು?

ಹೂಮಳೆ ಬಿದ್ದ ವಾರ. ತೋಟಗಳಲ್ಲಿ ಕಾಫಿ ಬೆಳ್ಳಗೆ ಅರಳಿದೆ ಅಂತ ಪೇಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹನ್ನೊಂದು ಗಂಟೆಗೆ ಹೆಂಡತಿ, "ಬಸ್ ಸ್ಟಾಪ್ ಹತ್ರ ಹೋಗಿ ಕೊತ್ತಂಬರಿ ಸೊಪ್ಪು ತನ್ನಿ," ಅಂದಳು. ಹಿತ್ತಲಲ್ಲೇ ಇದೆಯಲ್ಲ ಅಂದೆ. "ಅದು ಎಳೇದು," ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದೆ.

ಬಸ್ಸಿನಿಂದ ಒಬ್ಬ ಮುದುಕ ಇಳಿದ. ಎದೆಗೆ ಅವುಚಿಕೊಂಡ ಕಂಬಳಿ ಗಂಟು. ಇಷ್ಟು ಕುಗ್ಗಿಹೋಗಿದ್ದಾನಾ ಅಂತ ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಅವನೂ ಅದನ್ನೇ ಯೋಚಿಸುತ್ತಿದ್ದ ಅಂತ ಕಾಣುತ್ತದೆ. ಏನೇನೋ ಹೇಳಬೇಕು ಅಂತ ಮೂವತ್ತು ವರ್ಷದಿಂದ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

"ಹಿಡ್ಕೊಳ್ಳೋ, ಕೈ ನೋಯ್ತಾ ಇದೆ," ಅಂದ.

ಹಿಡಿದುಕೊಂಡೆ.

ದಾರಿಯಲ್ಲಿ ಬಸ್ಸಿನ ಕಥೆ ಹೇಳಿದ. ಕಂಡಕ್ಟರ್ ಗಂಟನ್ನು ಮೇಲೆ ಹಾಕಿ ಅಂದನಂತೆ. ಇವನು ಆಗಲ್ಲ ಅಂದನಂತೆ. ಒಳಗೆ ಏನು, ಕೋಳಿಯಾ ಅಂತ ಕೇಳಿದನಂತೆ. "ಕೋಳಿ ಅಲ್ಲ, ಪ್ಲೇಯರ್," ಅಂತ ಇವನು. ನಮ್ಮ ಕೊಡಗಿನ ಕಂಡಕ್ಟರ್ ಅಲ್ಲವಾ, ಒಂದು ಕ್ಷಣ ಗಂಟನ್ನು ದಿಟ್ಟಿಸಿ ನೋಡಿ ಕೇಳಿದನಂತೆ:

"ಹಾಕಿಯಾ, ಕ್ರಿಕೆಟ್ಟಾ? ಯಾವ ಟೀಮು?"

ಹಾಡಿದವರು ಯಾರು

ಮನೆಗೆ ಬಂದವನೇ ನೀರೂ ಕುಡಿಯದೆ ಬೀರುವಿನ ಎದುರು ನಿಂತ. ಚೀಟಿಗಳನ್ನು ಒಂದೊಂದಾಗಿ ಓದಿದ. ಅಡ್ಡ ಹಲಗೆಗಳ ಮೇಲೆ ಬೆರಳು ಎಳೆದ. ಬೆಕ್ಕನ್ನು ಎತ್ತಿ ಕೆಳಗೆ ಬಿಟ್ಟ. ಇಬ್ಬರೂ ಸೇರಿ ಪ್ಲೇಯರನ್ನು ಖಾನೆಗೆ ಇಳಿಸಿದೆವು. ಪಕ್ಕದಲ್ಲಿ ಸರಿಯಾಗಿ ಒಂದು ಬೆರಳು ಜಾಗ. ಮುಚ್ಚಳ ಎತ್ತಿದರೆ ಮೇಲಿನ ಹಲಗೆಗೆ ತಾಗಲಿಲ್ಲ.

"ಒಳ್ಳೆ ಆಚಾರಿ," ಅಂದ.

"ಇಪ್ಪತ್ತು ವರ್ಷದ ಅನುಭವ," ಅಂದೆ.

"ಹಾಕು. ಯಾವುದು ಅಂತ ಹೇಳೋದು ನಿನ್ನ ಕೆಲಸ."

ಒಂದು ರೆಕಾರ್ಡ್ ಇತ್ತು. ಮದುವೆಯವರೆಲ್ಲ ಊಟ ಮಾಡಿ ಹೋದ ಮೇಲೆ, ಚಪ್ಪರ ಬಿಚ್ಚುವ ಮೊದಲು, ಹಾರ್ನಿನ ವೈರ್ ತೆಗೆದು, ಈ ಸಣ್ಣ ಸ್ಪೀಕರಿನಲ್ಲಿ ನಮ್ಮಿಬ್ಬರಿಗಾಗಿಯೇ ಹಾಕಿಕೊಳ್ಳುತ್ತಿದ್ದದ್ದು. ಎಲೆಯಲ್ಲಿ ಉಳಿದ ಪಾಯಸ ತಿನ್ನುತ್ತಾ ಕೇಳುತ್ತಿದ್ದೆವು. ಬಳ್ಳಿಯ ಹಾಗೆ ಎಳೆಯ ಸ್ವರದ ಒಬ್ಬಳು ಹಾಡಿದ್ದು. ಅದನ್ನು ತೆಗೆದೆ. ಅವನು ಮುಳ್ಳು ಇಟ್ಟ.

ಮೊದಲು ಕಾದ ಎಣ್ಣೆಗೆ ಸಾಸಿವೆ ಹಾಕಿದಂಥ ಸದ್ದು. ಅದಕ್ಕೇ ನನ್ನ ಕಣ್ಣು ತುಂಬಿತು. ಆಮೇಲೆ ಹಾಡು ಬಂತು.

ಮೊದಲ ಸಾಲಿಗೇ ಏನೋ ಸರಿಯಿಲ್ಲ ಅಂತ ಗೊತ್ತಾಯಿತು. ಎಳೆಯ ಸ್ವರ ಇಲ್ಲ. ಯಾರೋ ದಪ್ಪ ಮೀಸೆಯ ಗಂಡಸು, ಹೊಟ್ಟೆ ತುಂಬ ಊಟ ಮಾಡಿ ಬೆಟ್ಟ ಹತ್ತುತ್ತಾ ಹಾಡಿದ ಹಾಗಿತ್ತು. ತಬಲ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಯೋಚನೆ ಮಾಡುತ್ತಿತ್ತು. ಒಳಗಿನ ರಬ್ಬರ್ ಸಡಿಲವಾಗಿ ಪ್ಲೇಯರ್ ನಿಧಾನಕ್ಕೆ ತಿರುಗುತ್ತಿದೆ ಅಂತ ನನಗೆ ತಿಳಿಯಿತು. ಅವನ ಕಡೆ ತಿರುಗಿದೆ. ಅವನು ಕಣ್ಣು ಮುಚ್ಚಿ ಕೂತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತಲೆ ತೂಗುತ್ತಿದ್ದ. ಇಷ್ಟು ದೂರ ಎದೆಗೆ ಅವುಚಿಕೊಂಡು ತಂದಿದ್ದಾನೆ, ಇಷ್ಟು ಆನಂದದಲ್ಲಿದ್ದಾನೆ, ನಿನ್ನ ಪ್ಲೇಯರ್ ಕೆಟ್ಟಿದೆ ಅಂತ ಹೇಗೆ ಹೇಳಲಿ? ನಾನೂ ಕಣ್ಣು ಮುಚ್ಚಿ ತಲೆ ತೂಗಿದೆ. ಸ್ವಲ್ಪ ಹೊತ್ತಿಗೆ ನನಗೂ ಆ ಗಂಡಸಿನ ಸ್ವರದ ಒಳಗೆಲ್ಲೋ ಅವಳು ಕೇಳಿಸಿದ ಹಾಗೆ ಆಯಿತು. ಒಂದು ಹಾಡು ಮುಗಿಯಲು ಎರಡು ಹಾಡಿನ ಹೊತ್ತು ಹಿಡಿಯಿತು. ಮುಗಿದ ಮೇಲೆ ಇಬ್ಬರೂ ಮೂಗು ಒರೆಸಿಕೊಂಡೆವು.

"ಚೆನ್ನಾಗಿತ್ತು," ಅಂದ.

"ಬಹಳ ಚೆನ್ನಾಗಿತ್ತು," ಅಂದೆ.

ಎರಡನೇ ಹಾಡು ಶುರುವಾದಾಗ ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಅಡುಗೆಮನೆಯಿಂದ ಬಂದಳು.

"ಇದೇನ್ರಿ, ಈ ಹಾಡು ಹೆಂಗಸಿನದು ಅಲ್ವಾ? ಈ ಗಂಡಸು ಯಾರು?"

ಅವನು ಗಂಟಲು ಸರಿಮಾಡಿಕೊಂಡ. "ರೆಕಾರ್ಡ್ ಸ್ವಲ್ಪ ಹಾಳಾಗಿದೆ ಅತ್ತಿಗೆ. ಪಾಪ, ಇಷ್ಟು ದೊಡ್ಡ ಬೀರು ಬೇರೆ ಮಾಡಿಸಿದ್ದಾನೆ. ಬೇಜಾರಾಗ್ತದೆ ಅಂತ ನಾನು ಹೇಳಲಿಲ್ಲ."

"ರೆಕಾರ್ಡಾ?" ಅಂದೆ. "ಹಾಳಾಗಿರೋದು ನಿನ್ನ ಪ್ಲೇಯರ್ ಕಣೋ! ನಿನಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದದ್ದು ನಾನು!"

"ಪ್ಲೇಯರಾ? ಕಂಬಳಿ ಸುತ್ತಿ ಇಟ್ಟಿದ್ದೇನೆ ನಾನು!"

"ಮಂಚದ ಮೇಲೆ ಹೆಂಡತಿಗೆ ಜಾಗ ಕೊಡದೆ ಇಟ್ಟಿದ್ದೇನೆ ನಾನು!"

ಇಬ್ಬರೂ ಎದ್ದು ನಿಂತಿದ್ದೆವು. ಹೆಂಡತಿ ಒಂದು ಸಲ ಅವನನ್ನು, ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಪ್ಲೇಯರಿನ ಹತ್ತಿರ ಬಗ್ಗಿ, ಕಿವಿ ಕೊಟ್ಟು, ಆ ಹಾಡು ಏದುಸಿರು ಬಿಡುತ್ತಾ ಪಲ್ಲವಿಗೆ ಹತ್ತುವುದನ್ನು ಕೇಳಿದಳು.

"ತಪ್ಪು ಯಾರದ್ದೋ ಆಮೇಲೆ ನೋಡೋಣ," ಅಂದಳು. "ಮೊದಲು ಕೂತ್ಕೊಳ್ಳಿ. ಪಾಪ, ಹಾಡೋನಿಗೆ ತುಂಬ ಸುಸ್ತಾಗಿದೆ. ಅವನಿಗೂ ಸೇರಿಸಿ ಕಾಫಿ ತರ್ತೀನಿ."

ನಿಜವಾಗಿಯೂ ಮೂರು ಲೋಟ ತಂದಳು. ಮೂರನೆಯದಕ್ಕೆ ಸಕ್ಕರೆ ಎಷ್ಟು ಅಂತ ನಮ್ಮಿಬ್ಬರನ್ನೂ ಕೇಳಿದಳು.